1995ರ ಎಫ್-150ಗೆ ಟ್ರೈಲರ್ ಬ್ರೇಕ್ ಕಂಟ್ರೋಲರ್: ನನ್ನ ಅನುಭವ

ನನ್ನ 1995ರ ಫೋರ್ಡ್ ಎಫ್-150, ಅದೇ ಆರು ಸಿಲಿಂಡರ್‌ನ 4.9 ಲೀಟರ್ ಎಂಜಿನ್‌ನದ್ದು, ಈಗ ಟ್ರ್ಯಾಕ್ಟರ್ ಹೇರಿದ ಟ್ರೈಲರ್ ಎಳೆದುಕೊಂಡು ಆಸ್ಟಿನ್‌ನ ಪಶ್ಚಿಮಕ್ಕೆ 290ನೇ ಹೆದ್ದಾರಿಯ ಇಳಿಜಾರಿನಲ್ಲಿ ಬಂದರೂ ನೆಟ್ಟಗೆ ನಿಲ್ಲುತ್ತದೆ. ಟ್ರೈಲರ್ ಹಿಂದಿನಿಂದ ತಳ್ಳುವುದಿಲ್ಲ. ಕಾರಣ ನಾನೇ ಹಾಕಿದ ಬ್ರೇಕ್ ಕಂಟ್ರೋಲರ್, ಅಂದರೆ ಪೆಡಲ್ ಒತ್ತಿದಾಗ ಟ್ರೈಲರ್‌ನ ವಿದ್ಯುತ್ ಬ್ರೇಕ್‌ಗಳಿಗೂ ಕರೆಂಟ್ ಕಳಿಸುವ ಪೆಟ್ಟಿಗೆ. ಇದು ಆಗುವ ಕೆಲಸ ಅಲ್ಲ ಅಂತ ಇಲ್ಲಿನ ನಮ್ಮ ಗೆಳೆಯರೆಲ್ಲ ಹೇಳಿದ್ದರು. “ಹಳೇ ವೈರಿಂಗ್ ಮಾರಾಯಾ, ಸುಮ್ನೆ ಹೊಸ ಟ್ರಕ್ ತಗೋ, ಕಂಟ್ರೋಲರ್ ಅದರಲ್ಲೇ ಬರುತ್ತೆ” ಅಂದವನೊಬ್ಬ ಮೊನ್ನೆ ನನ್ನ ಪಕ್ಕ ಕೂತು ನೋಡಿ ಒಪ್ಪಿಕೊಂಡ.

ಟ್ರೈಲರ್, ಟ್ರ್ಯಾಕ್ಟರ್ ಎರಡೂ ಸೇರಿ ಸುಮಾರು 5,000 ಪೌಂಡ್. ಟೆಕ್ಸಾಸ್‌ನಲ್ಲಿ 4,500 ದಾಟಿ ಹೆದ್ದಾರಿಗೆ ಇಳಿದರೆ ಟ್ರೈಲರ್‌ಗೂ ಬ್ರೇಕ್ ಇರಲೇಬೇಕು. ಕಂಟ್ರೋಲರ್ ಹಾಕಿಕೊಡಲು ಒಂದು ಅಂಗಡಿಯಲ್ಲಿ 480 ಡಾಲರ್ ಕೇಳಿದರು. ಅದೂ ಹಳೇ ವೈರಿಂಗ್‌ಗೆ ಗ್ಯಾರಂಟಿ ಇಲ್ಲವಂತೆ. ನನಗೆ ಖರ್ಚಾಗಿದ್ದು 230ರ ಆಸುಪಾಸು. ಟೆಕಾನ್ಶಾ ಪ್ರಾಡಿಜಿ ಪಿ3 ಅನ್ನುವ ಕಂಟ್ರೋಲರ್‌ಗೆ 150. ಉಳಿದದ್ದು 10 ಗೇಜ್‌ನ ದಪ್ಪ ವೈರ್, 20 ಆಂಪಿಯರ್ ಬ್ರೇಕರ್, ಟ್ರೈಲರ್‌ನ ವೈರ್ ಸೇರಿಸುವ 7 ಪಿನ್ ಸಾಕೆಟ್‌ಗೆ ಹೋಯಿತು.

ಹಿಂದಿನ ಮಾಲೀಕ ಬಿಟ್ಟುಹೋದ ವೈರಿಂಗ್‌ನ ಕಥೆ ಹೇಳಲೇಬೇಕು. ಎಡಗಡೆ ಇಂಡಿಕೇಟರ್ ಹಾಕಿದರೆ ಸಾಕು, ಟ್ರೈಲರ್ ಟಕ್ ಟಕ್ ಅಂತ ಬ್ರೇಕ್ ಹಿಡಿಯುತ್ತಿತ್ತು. ಈ ಗಾಡಿಗಳಲ್ಲಿ ಬ್ರೇಕ್ ಲೈಟು, ಇಂಡಿಕೇಟರ್ ಎರಡಕ್ಕೂ ಹಿಂದೆ ಒಂದೇ ಬಲ್ಬ್ ಅಲ್ವಾ? ಬ್ರೇಕ್ ಒತ್ತಿದ್ದನ್ನು ಕಂಟ್ರೋಲರ್‌ಗೆ ತಿಳಿಸುವ ಕೆಂಪು ವೈರನ್ನು ಯಾರೋ ಇಂಡಿಕೇಟರ್ ಸ್ವಿಚ್ ದಾಟಿದ ಮೇಲೆ ಸೇರಿಸಿದ್ದರು. ಅದು ಪೆಡಲ್ ಮೇಲಿರುವ ಸ್ವಿಚ್‌ನಿಂದಲೇ ಬರಬೇಕು. ಪುಸ್ತಕದಲ್ಲಿರುವ ಬಣ್ಣ ನಂಬಬೇಡಿ. ಹಜಾರ್ಡ್ ಲೈಟ್ ಹಾಕಿ, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಪೆಡಲ್ ಒತ್ತಿದಾಗ ಮಾತ್ರ ಉರಿಯುವ ವೈರೇ ಸರಿಯಾದದ್ದು.

ಅದನ್ನು ಸರಿ ಮಾಡಿದ ಮೇಲೂ ಬ್ರೇಕ್ ಗಟ್ಟಿಯಾಗಿ ಹಿಡಿಯಲಿಲ್ಲ. ಕಂಟ್ರೋಲರ್ ಪರದೆಯಲ್ಲಿ 12 ವೋಲ್ಟ್‌ನ ಮೇಲೆ. ಹಿಂದಿನ ಸಾಕೆಟ್‌ನಲ್ಲಿ ಮೀಟರ್ ಇಟ್ಟರೆ ಅಲ್ಲೂ 12. ಎಲ್ಲರೂ ಕೈಬಿಡುವುದು ಇಲ್ಲೇ. ಬರೀ ಮೀಟರ್ ಇಟ್ಟರೆ ಒಂದೇ ಎಳೆ ಉಳಿದ ವೈರ್ ಕೂಡ 12 ತೋರಿಸುತ್ತದೆ. ನಾನು ಹಳೇ ಹೆಡ್‌ಲೈಟ್ ಬಲ್ಬೊಂದನ್ನು ಸಾಕೆಟ್‌ಗೆ ಕಟ್ಟಿ ಮತ್ತೆ ಅಳೆದೆ. 8 ಚಿಲ್ಲರೆಗೆ ಬಿತ್ತು! ಟ್ರೈಲರ್‌ನ ಪ್ರತಿ ಚಕ್ರದಲ್ಲಿ ಬ್ರೇಕ್ ಹಿಡಿಸುವ ಒಂದೊಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 12 ಆಂಪಿಯರ್. ಮೊದಲಿದ್ದ ಸಣ್ಣ ವೈರ್, ಹಸಿರು ಹಿಡಿದ ಜಾಯಿಂಟ್‌ಗಳು ಅಷ್ಟನ್ನು ಎಲ್ಲಿ ತಡೆಯುತ್ತವೆ? ಎಲ್ಲವನ್ನೂ ಕಿತ್ತೆ. ಬ್ಯಾಟರಿಯಿಂದ ಬರುವ ಕಪ್ಪು, ಟ್ರೈಲರ್ ಬ್ರೇಕ್‌ಗೆ ಹೋಗುವ ನೀಲಿ ಎರಡನ್ನೂ 10 ಗೇಜ್‌ನಲ್ಲಿ ಮಧ್ಯೆ ಒಂದೂ ಜಾಯಿಂಟ್ ಇಲ್ಲದೆ ಎಳೆದೆ. ಅರ್ತ್‌ನ ಬಿಳಿ ವೈರನ್ನು ಟ್ರಕ್‌ನ ಬಾಡಿಯ ಲೋಹಕ್ಕೆ ಕೊಡದೆ ನೇರ ಬ್ಯಾಟರಿಯ ನೆಗೆಟಿವ್‌ಗೆ ಕೊಟ್ಟೆ. ಬಲ್ಬ್ ಕಟ್ಟಿದಾಗಲೂ ಈಗ 12ರ ಹತ್ತಿರವೇ ನಿಲ್ಲುತ್ತದೆ. ಇಷ್ಟು ಶುದ್ಧವಾದ ವೈರಿಂಗ್ ಅಂಗಡಿಯವರು ಮಾಡಿದ್ದನ್ನು ನಾನು ಕಂಡಿಲ್ಲ.

ಬ್ಯಾಟರಿ ಕಡೆಯಿಂದ ಕ್ಯಾಬಿನ್ ಒಳಗೆ ಬರಲು ಒಂದೂ ತೂತು ಕೊರೆದಿಲ್ಲ. ಆ ದಾರಿ ಹುಡುಕಲು ಒಂದು ವಾರಾಂತ್ಯ ಹೋಯಿತು, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಆಮೇಲೆ ಟ್ರೈಲರ್ ಕಡೆ. ನೀಲಿ ವೈರ್ ಮಧ್ಯೆ ಆಮೀಟರ್ ಹಾಕಿದರೆ 12 ಆಂಪಿಯರ್ ಬರಬೇಕಾದಲ್ಲಿ 9. ಜಾಕ್ ಕೊಟ್ಟು ಒಂದೊಂದೇ ಚಕ್ರ ತಿರುಗಿಸುತ್ತಾ ಹೆಂಡತಿಗೆ ಕಂಟ್ರೋಲರ್‌ನ ಲಿವರ್ (ಟ್ರೈಲರ್ ಬ್ರೇಕ್ ಮಾತ್ರ ಹಿಡಿಸುವಂಥದ್ದು) ಒತ್ತಲು ಹೇಳಿದೆ. ಬಲಗಡೆ ಹಿಂದಿನದು ಆರಾಮಾಗಿ ತಿರುಗುತ್ತಲೇ ಇತ್ತು. ಆಕ್ಸಲ್ ಕೊಳವೆಯೊಳಗೆ ವೈರ್ ಉಜ್ಜಿ ಉಜ್ಜಿ ತುಂಡಾಗಿತ್ತು. ಹೊಸದನ್ನು ಆಕ್ಸಲ್ ಹೊರಗಿಂದ ತಂದು ಕ್ಲಿಪ್ ಹಾಕಿದೆ. ಕಂಪನಿಯವರು ಒಳಗಿಂದ ಯಾಕೆ ತರುತ್ತಾರೋ, ನನಗಂತೂ ಅದು ಸರಿ ಅನ್ನಿಸುವುದಿಲ್ಲ.

ನಡುವೆ ಬೇರೆ ಎರಡು ಕಂಟ್ರೋಲರ್‌ಗಳನ್ನೂ ಹಾಕಿ ನೋಡಿದ್ದೆ. ಹಳೇ ಸಾಮಾನಿನ ಸಂತೆಯಲ್ಲಿ 20 ಡಾಲರ್‌ಗೆ ಸಿಕ್ಕ ಟೈಮ್-ಡಿಲೇ ಕಂಟ್ರೋಲರ್ ಒಂದು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದಕ್ಕೆ ಒಂದೇ. ಗೆಳೆಯನ ಬ್ಲೂಟೂತ್ ಕಂಟ್ರೋಲರ್ ಇನ್ನೊಂದು. ಸಾಕೆಟ್‌ಗೆ ಚುಚ್ಚಿದರೆ ಆಯಿತು, ಕೆಲಸ ಚೆನ್ನಾಗೇ ಮಾಡಿತು. ಆದರೆ ಟ್ರೈಲರ್ ಅಲ್ಲಾಡತೊಡಗಿದರೆ ಕೈಯಲ್ಲಿ ಬ್ರೇಕ್ ಕೊಡಲು ಫೋನ್ ಮುಟ್ಟಬೇಕು. ನನಗೆ ಬೆರಳಿಗೆ ಸಿಗುವ ಲಿವರೇ ಬೇಕು.

ಬ್ರೇಕ್‌ಗೆ ಎಷ್ಟು ಬಲ ಕೊಡಬೇಕು ಅನ್ನುವ ಸೆಟ್ಟಿಂಗ್ ಅನ್ನು ಪಿ3ಯಲ್ಲಿ ಒಣಗಿದ, ಮಟ್ಟಸವಾದ ರಸ್ತೆಯಲ್ಲಿ 25 ಮೈಲಿ ವೇಗಕ್ಕೆ ಮಾಡಿದೆ. ಲಿವರ್ ಪೂರ್ತಿ ಒತ್ತಿ ನೋಡುತ್ತಾ, ಟ್ರೈಲರ್ ಚಕ್ರ ಲಾಕ್ ಆಗುವುದಕ್ಕಿಂತ ಸ್ವಲ್ಪ ಕಡಿಮೆಗೆ ಸೆಟ್ಟಿಂಗ್ ನಿಲ್ಲಿಸಬೇಕು. ನನ್ನದು ಭಾರ ಇದ್ದಾಗ 7ರ ಹತ್ತಿರ, ಖಾಲಿ ಇದ್ದಾಗ 4. ಶೂಗಳು ಹೊಸವು, ಅದಕ್ಕೆ 200 ಮೈಲಿ ಆದ ಮೇಲೆ ಡ್ರಮ್ ಹಿಂದಿನ ಸ್ಟಾರ್ ವ್ಹೀಲ್ (ಶೂಗಳನ್ನು ಡ್ರಮ್‌ಗೆ ಹತ್ತಿರ ತರುವ ಹಲ್ಲಿನ ಚಕ್ರ) ಬಿಗಿ ಮಾಡಿದೆ. ಉಜ್ಜುವವರೆಗೆ ಬಿಗಿದು ಸುಮಾರು ಹತ್ತು ಹಲ್ಲು ಹಿಂದಕ್ಕೆ. ಆಮೇಲೆ 7 ಜಾಸ್ತಿಯಾಯಿತು, 6ಕ್ಕೆ ಇಳಿಸಿದೆ.

ಬ್ರೇಕ್‌ಅವೇ ಬ್ಯಾಟರಿ, ಅಂದರೆ ಟ್ರೈಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಸುವ ಬ್ಯಾಟರಿ, ಮಾತ್ರ ಚಾರ್ಜ್ ಹಿಡಿಯುತ್ತಿಲ್ಲ. ಮುಂದಿನ ಲೋಡ್‌ಗೆ ಮೊದಲು ಅದನ್ನು ಬದಲಿಸಬೇಕು, ಇನ್ನೊಂದು 30 ಡಾಲರ್.