ಚಿಲ್ಲರೆಯಲ್ಲಿ ಸಂಗ್ರಹಯೋಗ್ಯ ನಾಣ್ಯಗಳನ್ನು ಗುರುತಿಸುವ ಬಗೆ

ಕೈಗೆ ಬಂದ ಚಿಲ್ಲರೆಯಲ್ಲಿ ಬಹಳಷ್ಟು ಮಂದಿ ಹಳೆಯ ಇಸವಿಯನ್ನಷ್ಟೇ ಹುಡುಕುತ್ತಾರೆ. ಆದರೆ ನಾಣ್ಯದ ಬೆಲೆಯನ್ನು ನಿರ್ಧರಿಸುವುದು ವಯಸ್ಸಿಗಿಂತ ಹೆಚ್ಚಾಗಿ ಅದು ಎಷ್ಟು ಸಂಖ್ಯೆಯಲ್ಲಿ ಅಚ್ಚಾಯಿತು, ಯಾವ ಸ್ಥಿತಿಯಲ್ಲಿ ಉಳಿದಿದೆ, ಸಂಗ್ರಾಹಕರಲ್ಲಿ ಅದಕ್ಕೆಷ್ಟು ಬೇಡಿಕೆಯಿದೆ ಎಂಬ ಅಂಶಗಳು. ಆದ್ದರಿಂದ ಇಸವಿಯ ಜೊತೆಗೆ ಟಂಕಸಾಲೆಯ ಗುರುತನ್ನೂ (ನಾಣ್ಯ ಎಲ್ಲಿ ಅಚ್ಚಾಯಿತೆಂದು ತಿಳಿಸುವ ಚಿಕ್ಕ ಚಿಹ್ನೆ) ಭೂತಗನ್ನಡಿಯಲ್ಲಿ ನೋಡಿರಿ.

ನನ್ನ ದೃಷ್ಟಿಯಲ್ಲಿ ಅತ್ಯಂತ ಕುತೂಹಲಕರವಾದವು ಟಂಕಣದೋಷವುಳ್ಳ, ಅಂದರೆ ಅಚ್ಚಾಗುವಾಗಲೇ ತಪ್ಪು ಉಂಟಾದ ನಾಣ್ಯಗಳು. ಅಚ್ಚೊತ್ತುವ ಖಾಲಿ ಲೋಹದ ಬಿಲ್ಲೆ ಪಕ್ಕಕ್ಕೆ ಸರಿದು ವಿನ್ಯಾಸದ ಒಂದು ಭಾಗ ಬಿಟ್ಟುಹೋಗಿರಬಹುದು, ಅಚ್ಚಿನಲ್ಲಿಯೇ ದೋಷವಿದ್ದು ಅಕ್ಷರಗಳು ಜೋಡಿಯಾಗಿ ಮೂಡಿರಬಹುದು, ಅಥವಾ ಪರಸ್ಪರ ಹೊಂದದ ಎರಡು ಅಚ್ಚುಗಳು ಒಂದೇ ನಾಣ್ಯಕ್ಕೆ ಬಳಕೆಯಾಗಿರಬಹುದು. ಬ್ರಿಟನ್ನಿನ 20 ಪೆನ್ಸ್ ನಾಣ್ಯದ ವಿನ್ಯಾಸ 2008ರಲ್ಲಿ ಬದಲಾದಾಗ ಇಸವಿಯನ್ನು ಹಿಂಬದಿಯಿಂದ ಮುಂಬದಿಗೆ ಸ್ಥಳಾಂತರಿಸಲಾಯಿತು. ಆಗ ಹಳೆಯ ಮುಂಬದಿಯ ಅಚ್ಚೂ ಹೊಸ ಹಿಂಬದಿಯ ಅಚ್ಚೂ ಒಟ್ಟಿಗೆ ಬಳಕೆಯಾಗಿ, ಇಸವಿಯೇ ಇಲ್ಲದ ನಾಣ್ಯಗಳು ಚಲಾವಣೆಗೆ ಬಂದವು. ಚಲಾವಣೆಯಲ್ಲಿ ಉಂಟಾದ ಗೀರು, ತಗ್ಗು, ಸವೆತಗಳನ್ನು ಮಾತ್ರ ಇಂತಹ ದೋಷವೆಂದು ಭಾವಿಸಬಾರದು.

ವಿಶೇಷವೆನಿಸಿದ ನಾಣ್ಯವನ್ನು ದಯವಿಟ್ಟು ಹುಣಸೆಹಣ್ಣು, ನಿಂಬೆರಸ ಅಥವಾ ಪಾಲಿಶ್‌ನಿಂದ ಉಜ್ಜಬೇಡಿ. ಮೂಲ ಮೇಲ್ಮೈ ಒಮ್ಮೆ ಹಾಳಾದರೆ ಮರಳಿ ಬಾರದು, ಬೆಲೆಯೂ ಕುಸಿಯುತ್ತದೆ. ಅಂಚನ್ನಷ್ಟೇ ಹಿಡಿದು, ಪಿವಿಸಿ ಎಂಬ ಪ್ಲಾಸ್ಟಿಕ್ ಇಲ್ಲದ ಹೊದಿಕೆಯಲ್ಲಿ ತೇವ ತಾಗದಂತೆ ಇಟ್ಟು, ಮಾರುವ ವಿಚಾರವಿದ್ದರೆ ಮಾರುವವರು ಕೇಳುವ ಬೆಲೆಗಳನ್ನಲ್ಲ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ಹೋಲಿಸಿ ನೋಡಿರಿ.