ಸಾಂಕ್ರಾಮಿಕದ ದಿನಗಳಲ್ಲಿ ಹಿರಿಯರಿಗೆ ಫೋನ್ ಮಾಡುವಾಗ

ಮನೆಯಲ್ಲೇ ಉಳಿದಿರುವ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಫೋನ್ ಮಾಡುವವರು ಗಮನಿಸಿ. "ಆರಾಮಾಗಿದ್ದೀರಾ?" ಅಂದರೆ "ಹ್ಞೂಂ, ಆರಾಮು" ಅಂತಲೇ ಉತ್ತರ ಬರುತ್ತದೆ. ಅದರ ಬದಲು ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ, ಇವತ್ತು ಏನೇನು ಮಾಡಿದಿರಿ ಅಂತ ಕೇಳಿ. ಹಿರಿಯರಲ್ಲಿ ಖಿನ್ನತೆ ಅಂದರೆ ಅಳಲೇಬೇಕು ಅಂತೇನಿಲ್ಲ. ಮೈಕೈ ನೋವು, ಸುಸ್ತು, ಸಿಡುಕು, ಮರೆವಿನ ರೂಪದಲ್ಲೂ ಬರುತ್ತದೆ. "ವಯಸ್ಸಾಯ್ತಲ್ಲ" ಅಂತ ತಳ್ಳಿಹಾಕುವುದು ನಮ್ಮೆಲ್ಲರ ಚಾಳಿ. 2 ವಾರಗಳಿಂದ ಹೆಚ್ಚಿನ ದಿನ ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ ವೈದ್ಯರಿಗೆ ಹೇಳಿ.

ಇದ್ದಕ್ಕಿದ್ದಂತೆ ಗೊಂದಲ, ಹಗಲು ರಾತ್ರಿ ತಿಳಿಯದಂತಾಗುವುದು ಬೇರೆಯೇ ವಿಷಯ. ಕೋವಿಡ್ ಸೇರಿದಂತೆ ಹಲವು ಸೋಂಕುಗಳು ಹಿರಿಯರಲ್ಲಿ ಜ್ವರವೇ ಇಲ್ಲದೆ ಹೀಗೆ ಶುರುವಾಗಬಹುದು. ಅವತ್ತೇ ತೋರಿಸಿ.

ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಕಾಯಲು ಏನಾದರೂ ಇದ್ದರೆ ದಿನ ಸಾಗುತ್ತದೆ. ಬರೀ ಕಾಯಿಲೆಯ ಮಾತು ಬೇಡ, ಅವರಿಂದ ಏನಾದರೂ ಸಲಹೆ ಕೇಳಿ. ಸುದ್ದಿ ದಿನಕ್ಕೆ ಒಂದೆರಡು ಸಲ ಸಾಕು. (ಸಾವಿನ ಲೆಕ್ಕದ ಫಾರ್ವರ್ಡ್‌ಗಳನ್ನು ದಯವಿಟ್ಟು ಅವರಿಗೆ ಕಳಿಸಬೇಡಿ.) ಮಾತ್ರೆ ಮುಗಿಯುವ ಮೊದಲೇ ತರಿಸಿಡಿ, ಆ ಚಿಂತೆಯೇ ಎಷ್ಟೋ ಜನರ ನಿದ್ದೆ ಕೆಡಿಸುತ್ತದೆ.

"ಇನ್ನು ಬದುಕಿ ಏನು ಪ್ರಯೋಜನ" ಅಂದರೆ ಮಾತು ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ.