ರಸ್ತೆ ಅಗಲೀಕರಣ: ಹಳ್ಳಕ್ಕೆ ಹೂಳು ಇಳಿಯದಂತೆ ತಡೆಯುವುದು ಹೇಗೆ

ಮಣ್ಣು ಅಗೆಯುವ ಮೊದಲೇ ಹೂಳು ತಡೆಯುವ ಬಟ್ಟೆಬೇಲಿ ನಿಲ್ಲಬೇಕು; ಮಳೆ ಬಂದ ಮೇಲೆ ಕಟ್ಟಿ ಪ್ರಯೋಜನವಿಲ್ಲ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ 15 ಸೆಂ.ಮೀ. ಆಳದ ಕಾಲುವೆ ತೋಡಿ. ಬಟ್ಟೆಯ ಬುಡವನ್ನು ಅದರೊಳಗೆ ಇಳಿಸಿ, ಮಣ್ಣು ತುಂಬಿ ಗಟ್ಟಿಯಾಗಿ ತುಳಿಯಿರಿ. ಬುಡ ಹೂಳದ ಬೇಲಿ ಬರೀ ತೋರಿಕೆ: ನೀರು ಅಡಿಯಿಂದಲೇ ಕೊರೆದುಕೊಂಡು ಹೋಗುತ್ತದೆ. ಗೂಟಗಳು ಕೆಳಮಗ್ಗುಲಲ್ಲಿರಲಿ, ನಡುವಿನ ಅಂತರ 2 ಮೀಟರ್ ಮೀರದಿರಲಿ. ಎರಡೂ ತುದಿಗಳನ್ನು ಏರಿನ ಕಡೆ ತಿರುಗಿಸಿ, ಇಲ್ಲವಾದರೆ ಕೆಸರುನೀರು ಪಕ್ಕದಿಂದ ನುಸುಳುತ್ತದೆ. ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಮಾತ್ರ ಎಂದೂ ಕಟ್ಟಬೇಡಿ.

ಪ್ರತಿ ಮಳೆಯ ನಂತರ ನೋಡಿ. ಹೂಳು ಬೇಲಿಯ ಮೂರನೇ ಒಂದು ಭಾಗ ಮುಟ್ಟಿದರೆ ತೆಗೆಯಿರಿ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ತೀವ್ರ ಕ್ಷಾರ, ಮೀನಿನ ಕಿವಿರನ್ನೇ ಸುಡುತ್ತದೆ. ಅದಕ್ಕೆ ಜೌಗಿನಿಂದ ದೂರದಲ್ಲಿ ಪ್ಲಾಸ್ಟಿಕ್ ಹಾಸಿದ ಗುಂಡಿ ಬೇಕು.